ಬೀಗದಕೈ ನನ್ನ ಹತ್ರ ಇದೆ

ನಾಲ್ಕು ವರ್ಷದ ಹಿಂದೆ ಮೂರು ತಿಂಗಳ ಸರಾಸರಿ ಶುಗರ್ 8.6 ಬಂದಾಗ ನಾನು ಮೊದಲು ಮಾಡಿದ್ದು ಹೆಜ್ಜೆ ಎಣಿಸೋ ವಾಚ್ ಕೊಂಡಿದ್ದು. ದಿನಕ್ಕೆ 10,000 ಹೆಜ್ಜೆ ಅಂತ ಅದೇ ಅಪ್ಪಣೆ ಮಾಡಿತು. (1965ರಲ್ಲಿ ಜಪಾನಿನ ಒಂದು ಕಂಪನಿ ತನ್ನ ಹೆಜ್ಜೆಯಂತ್ರಕ್ಕೆ ‘ಹತ್ತು ಸಾವಿರ ಹೆಜ್ಜೆ ಮಾಪಕ’ ಅನ್ನೋ ಅರ್ಥದ ಹೆಸರಿಟ್ಟು ಮಾರಿತಂತೆ. ಆ ಸಂಖ್ಯೆ ಹುಟ್ಟಿದ್ದೇ ವ್ಯಾಪಾರಕ್ಕೆ. ಇದು ಗೊತ್ತಾಗೋ ಹೊತ್ತಿಗೆ ದುಡ್ಡು ಕೊಟ್ಟಾಗಿತ್ತು.) ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಹತ್ತೊಂಬತ್ತು ದಿನ ನಡೆದೆ. ಇಪ್ಪತ್ತನೇ ದಿನ ಮಳೆ, ಆಮೇಲೆ ನೆಗಡಿ, ಆಮೇಲೊಂದು ಮದುವೆಮನೆ ಹೋಳಿಗೆ. ವಾಚ್ ಮಗಳ ಕೈಗೆ ಹೋಯಿತು.

ನಂತರ ಬಂದದ್ದು ಬೀಗದಕೈ. ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗೆ ಓದೋ ಹುಡುಗರು ಬೆಳಗ್ಗೆ ಕೂರುತ್ತಾರೆ. ಒಂದೇ ಕೋಣೆ ಮನೆ, ಅಲ್ಲಿ ಓದೋದೆಲ್ಲಿ? ಬಾಗಿಲು ತೆಗೀತಿದ್ದವರು ಮಗನ ಮನೆಗೆ ಬೆಂಗಳೂರಿಗೆ ಹೋದರು, ಬೀಗದಕೈ ನನಗೆ ಬಂತು. ಐದೂಮುಕ್ಕಾಲಿಗೆ ತೆಗೀಬೇಕು. ಎರಡನೇ ದಿನವೇ ಮಲಗಿಬಿಟ್ಟೆ. ಆರೂವರೆಗೆ ಓಡಿಹೋದರೆ ನಾಲ್ಕು ಜನ ಜಗಲಿ ಮೇಲೆ, ಬೀದಿದೀಪದ ಬೆಳಕಲ್ಲಿ ಓದ್ತಾ ಕೂತಿದ್ದರು. ‘ಪರವಾಗಿಲ್ಲ ಅಂಕಲ್’ ಅಂದರು. ಬೈದಿದ್ದರೆ ಮರೆತುಬಿಡ್ತಿದ್ದೆನೋ ಏನೋ.

ಐದಕ್ಕೆ ಏಳಬೇಕಂದ್ರೆ ಹತ್ತಕ್ಕೆ ಮಲಗಬೇಕು, ಹತ್ತಕ್ಕೆ ನಿದ್ದೆ ಬರಬೇಕಂದ್ರೆ ಎಂಟಕ್ಕೇ ಊಟ ಮುಗೀಬೇಕು. ಟಿವಿ ಚರ್ಚೆಗಳು ತಾವಾಗೇ ಬಿಟ್ಟುಹೋದವು, ಅದಕ್ಕೇನೂ ದುಃಖ ಇಲ್ಲ. ಸ್ಕೂಟರ್ ಮಗನ ಹತ್ರ, ಹಾಗಾಗಿ ಹೋಗೋದು ಬರೋದು ನಡಿಗೆಯಲ್ಲೇ. ಹುಲಿಕಲ್–ಕುದೂರು ರಸ್ತೆಯ ಆಲದ ಸಸಿಗಳಿಗೆ ಕೊಡದಲ್ಲಿ ನೀರು ಹೊತ್ತ ಸಾಲುಮರದ ತಿಮ್ಮಕ್ಕನ ನಡಿಗೆಯನ್ನು ಯಾರೂ ವಾಕಿಂಗ್ ಅನ್ನಲಿಲ್ಲ, ನೋಡಿ. ಮೊನ್ನೆ ಶುಗರ್ 7.2. ‘ಮಾತ್ರೆ ಕೆಲಸ ಮಾಡ್ತಿದೆ’ ಅಂದರು ಡಾಕ್ಟರು. ಇರಬಹುದು. ಆ ಮಾತ್ರೆಯನ್ನು ತಪ್ಪದೆ ನುಂಗೋಕೆ ಶುರು ಮಾಡಿದ್ದೂ ಬೀಗದಕೈ ಬಂದ ಮೇಲೇ.

2019ರಲ್ಲಿ ಜಾಮಾ ನೆಟ್‌ವರ್ಕ್ ಓಪನ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. 50 ದಾಟಿದ ಸುಮಾರು 7,000 ಅಮೆರಿಕನ್ನರಲ್ಲಿ, ಬದುಕಿಗೊಂದು ಗುರಿ ಇದೆ ಅನ್ನಿಸದವರೇ ಮುಂದಿನ ವರ್ಷಗಳಲ್ಲಿ ಹೆಚ್ಚು ಸತ್ತರು ಅಂತ. ಇದನ್ನು ವಾಟ್ಸ್ಯಾಪ್‌ನಲ್ಲಿ ಹಂಚೋರು ಒಂದು ಯೋಚಿಸಲ್ಲ: ಕಾಯಿಲೆ ಬಿದ್ದವನಿಗೆ ಗುರಿಯೂ ಮಸುಕಾಗುತ್ತಲ್ಲ? ಯಾವುದು ಯಾವುದರಿಂದ ಅಂತ ಬಿಡಿಸೋದು ಸುಲಭವಿಲ್ಲ.

ನಮ್ಮಮ್ಮನಿಗೆ ಗುರಿಗೇನು ಕೊರತೆ ಇತ್ತು? ಒಂಬತ್ತು ಜನರ ಹೊಟ್ಟೆ. ಎಲ್ಲರದ್ದೂ ಆದಮೇಲೆ ಮೂರು ಗಂಟೆಗೆ ಉಳಿದ ತಂಗಳು ಉಣ್ಣೋರು. ಮಂಡಿನೋವಿಗೆ ಅಮೃತಾಂಜನ. ಬದುಕಿಗೆ ಅರ್ಥ ಸಿಕ್ಕರೆ ಆರೋಗ್ಯ ತಾನಾಗೇ ಬರುತ್ತೆ ಅಂತ ಯಾರಾದರೂ ಭಾಷಣ ಬಿಗಿದರೆ ನನಗೆ ಆ ಮೂರು ಗಂಟೆಯ ತಟ್ಟೆ ಕಣ್ಮುಂದೆ ಬರುತ್ತೆ. ನನ್ನನ್ನು ಬೆಳಗ್ಗೆ ಎಬ್ಬಿಸೋ ಕೆಲಸ ಸಾಕು ಅನ್ನಿಸಿದಾಗ ಇಳಿಸಿ ಇಡಬಹುದಾದದ್ದು. ಅವರದ್ದು ಹಾಗಿರಲಿಲ್ಲ.

ಇದನ್ನೆಲ್ಲ ದೊಡ್ಡದಾಗಿ ಮನೆಯಲ್ಲಿ ಹೇಳ್ತಿದ್ದೆ. ‘ಹೌದು, ನಿಮ್ಮ ಕಾಫಿಗೆ ನಾನು ನಾಲ್ಕೂಮುಕ್ಕಾಲಿಗೆ ಏಳ್ತಿದ್ದೀನಲ್ಲ, ನನ್ನ ಶುಗರ್ ಯಾವಾಗ ನೋಡಿಸೋದು?’ ಅಂದಳು ನನ್ನ ಹೆಂಡತಿ. ಮೂರು ವರ್ಷದಲ್ಲಿ ಒಂದು ದಿನವೂ ನನಗೆ ಹೊಳೆದಿರಲಿಲ್ಲ.

ಹೋದ ತಿಂಗಳಿಂದ ಅವಳು ಆರೂವರೆಗೆ ಏಳ್ತಾಳೆ. ನನ್ನ ಡಿಕಾಕ್ಷನ್ ಇನ್ನೂ ನೀರುನೀರು.