ಯೀಸ್ಟ್ ಅಳೆಯುವುದು ಚಮಚದಲ್ಲಲ್ಲ

ಮೀನುಮರಿಗಳ ಮೇವಿಗೆಂದು ಸಾಕುವ ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿ ಆರ್ಟೀಮಿಯಾ ಬಗೆಗಿನ ನಿಮ್ಮ ಬರಹದಲ್ಲಿ ‘ಇಪ್ಪತ್ತು ಲೀಟರಿಗೆ ದಿನಾ ಒಂದು ಚಮಚ ಯೀಸ್ಟ್’ ಎಂದು ಬರೆದಿದ್ದೀರಿ. ಇದನ್ನು ಸಾಕಲು ಹೊರಟವರ ಬಕೆಟ್ ಮೂರೇ ದಿನಕ್ಕೆ ಗಬ್ಬು ನಾರುವುದು ಈ ಅಳತೆಯಿಂದಲೇ ಸ್ವಾಮಿ. ತಿನ್ನದೆ ಉಳಿದ ಯೀಸ್ಟ್ ಕೊಳೆತು ಆಮ್ಲಜನಕ ಹೀರುತ್ತದೆ, ಬೆಳಗಾಗುವಷ್ಟರಲ್ಲಿ ಮರಿಗಳೆಲ್ಲ ತಳ ಸೇರಿರುತ್ತವೆ. ನೋಡಬೇಕಾದ್ದು ನೀರಿನ ಮಬ್ಬು: ಕಡ್ಡಿಯ ತುದಿಗೆ ಬಿಳಿ ಗುಂಡಿ ಅಂಟಿಸಿ ಇಳಿಸಿ. 20 ಸೆಂ.ಮೀ. ಆಳದಲ್ಲೂ ಕಾಣುತ್ತಿದ್ದರೆ ಮೇವು ಹಾಕಿ, 15ಕ್ಕೇ ಮರೆಯಾದರೆ ಸುಮ್ಮನಿರಿ. ಯೀಸ್ಟಿಗಿಂತ ಸ್ಪಿರುಲಿನಾ (ಒಣಗಿಸಿದ ನೀಲಿ-ಹಸಿರು ಪಾಚಿ) ಪುಡಿ ವಾಸಿ. ಆದರೆ ಒಣಪುಡಿ ಉದುರಿಸಬೇಡಿ, ನೀರಲ್ಲಿ ಕದಡಿ ತೆಳುಬಟ್ಟೆಯಲ್ಲಿ ಸೋಸಿ. 50 ಮೈಕ್ರಾನ್‌ಗಿಂತ, ಅಂದರೆ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗಕ್ಕಿಂತ, ದಪ್ಪ ಕಣ ಅವುಗಳ ಬಾಯಿಗೆ ಹಿಡಿಸುವುದಿಲ್ಲ. ಮೊಟ್ಟೆಯೊಡೆದ ಮೊದಲ ಎಂಟು ಗಂಟೆಯಂತೂ ಮರಿ ಏನನ್ನೂ ತಿನ್ನದು, ಒಡಲಲ್ಲಿರುವ ಹಳದಿಯೇ ಆಹಾರ.

ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಬಿಡುವ ಏರ್‌ಸ್ಟೋನ್ ಹಾಕಿ ಎಂಬ ನಿಮ್ಮ ಸಲಹೆಯೂ ಬೆಳೆಸುವ ತೊಟ್ಟಿಗೆ ಸಲ್ಲ. ಸಣ್ಣ ಗುಳ್ಳೆಗಳು ಕಾಲುಗಳ ನಡುವೆ ಸಿಕ್ಕಿ ಮರಿಗಳು ಮೇಲೆ ತೇಲುತ್ತವೆ, ಮೇವು ತಿನ್ನಲಾರವು. ಬರಿಯ ಪೈಪಿನ ತುದಿಯಿಂದ ದಪ್ಪ ಗುಳ್ಳೆ ಬಿಡಿ.

ಇನ್ನು ಉಪ್ಪು. ಮರಿ ಮಾಡಿಸಲು ಲೀಟರಿಗೆ 25 ಗ್ರಾಂ, ಬೆಳೆಸಲು 35ರಿಂದ 40. ಕಲ್ಲುಪ್ಪು ಸಾಕು, ದುಬಾರಿ ಸಮುದ್ರ ಉಪ್ಪೇ ಬೇಕೆಂದಿಲ್ಲ. ಆದರೆ ‘ನೀರು ಇಂಗಿದಾಗ ಉಪ್ಪುನೀರು ತುಂಬಿಸಿ’ ಎಂದು ನೀವು ಅನ್ನುವುದು ತಪ್ಪು. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಇರುತ್ತದೆ. ತೊಟ್ಟಿಯ ಹೊರಗೆ ಗೆರೆ ಎಳೆದು, ಅಲ್ಲಿವರೆಗೆ ಕ್ಲೋರಿನ್ ಹೋದ ಸಿಹಿನೀರು ಸುರಿಯಿರಿ. ಉಪ್ಪು ಏರುತ್ತಲೇ ಹೋದರೆ ಹೆಣ್ಣುಗಳು ಜೀವಂತ ಮರಿ ಹಾಕುವುದು ಬಿಟ್ಟು ಗಟ್ಟಿಚಿಪ್ಪಿನ ಮೊಟ್ಟೆ ಇಡಲು ಶುರುಮಾಡುತ್ತವೆ. ಕಂದು ಪುಡಿ ಅಂಚಿಗೆ ಮೆತ್ತಿಕೊಂಡಿದ್ದರೆ ಅದೇ.