23 ಮೀಟರ್, ನಾಲ್ಕು ಹೆಚ್ಚು ಕಡಿಮೆ

ವಿಜಯದಶಮಿಯ ಮರುದಿನ ನಾನಿನ್ನೂ ಕಚೇರಿಯ ಮೆಟ್ಟಿಲು ಹತ್ತುತ್ತಿದ್ದೆ. ಲೆಕ್ಕಪತ್ರ ವಿಭಾಗದ ಮೇಡಂ ಮೇಲಿನಿಂದಲೇ ಅಡ್ಡಗಟ್ಟಿದರು. "ನೆಟ್ ಸತ್ತಿಲ್ಲ, ಹಾಗಂತ ಬದುಕಿಯೂ ಇಲ್ಲ. ಫೈಲ್ ತೆರೆಯಲು ಹೇಳಿ, ಕಾಫಿ ಕುಡಿದು, ಲೋಟ ತೊಳೆದಿಟ್ಟು ಬಂದರೂ ಇನ್ನೂ ಚಕ್ರ ತಿರುಗುತ್ತಿದೆ. ವೈರಸ್ಸೇ ಇರಬೇಕು."

ಈ ಕಚೇರಿಯ ನೆಟ್‌ವರ್ಕ್ ನನ್ನ ಹೊಣೆ. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೂ, ಫ್ಯಾನ್ ಕಿರುಗುಟ್ಟಿದರೂ ನನ್ನನ್ನೇ ಕರೆಯುವುದು ಅದರ ಜೊತೆಗೆ ಬಂದ ಬಳುವಳಿ. ಅಂತೂ ಈ ಬಾರಿಯ ದೂರು ನಿಜವಾಗಿ ನನ್ನ ಇಲಾಖೆಯದೇ ಎಂಬ ಸಮಾಧಾನದಲ್ಲಿ, ಕಚೇರಿಯ ಕಂಪ್ಯೂಟರುಗಳ ಕೇಬಲುಗಳೆಲ್ಲ ಬಂದು ಸೇರುವ ನೆಟ್‌ವರ್ಕ್ ಸ್ವಿಚ್ ಇರುವ ಮೂಲೆಗೆ ನಡೆದೆ.

ಆಯುಧಪೂಜೆಯಲ್ಲಿ ಸ್ವಿಚ್ಚಿಗೂ ಮರ್ಯಾದೆ ಸಂದಿತ್ತು. ಕೇಬಲ್ ಸಿಕ್ಕಿಸುವ ಕಿಂಡಿಗಳ, ಅಂದರೆ 24 ಪೋರ್ಟಿನ, ಆ ಪೆಟ್ಟಿಗೆಯ ನೆತ್ತಿಯ ಮೇಲೆ ಅರಿಶಿನ, ಕುಂಕುಮ, ಬಾಡಿದ ಚೆಂಡುಹೂವು. ಖಾಲಿಯಿದ್ದ 21ನೇ ಪೋರ್ಟಿನೊಳಗೆ ಮೂರು ಅಕ್ಷತೆ ಕಾಳು. ಅವನ್ನು ಚಿಮಟದಿಂದ ಹೆಕ್ಕಿ ತೆಗೆದು, ಲ್ಯಾಪ್‌ಟಾಪ್ ತೆರೆದು, ಕಮಾಂಡ್ ಲೈನಿನಲ್ಲಿ 'ಶೋ ಇಂಟರ್‌ಫೇಸಸ್ ಸ್ಟೇಟಸ್' ಎಂದು ಬಡಿದೆ. ವೇಗದ ಅಂಕಣದಲ್ಲಿ ಅಕ್ಕಪಕ್ಕದ ಪೋರ್ಟುಗಳೆಲ್ಲ 1000 ಎಂದು ಎದೆಯುಬ್ಬಿಸಿ ನಿಂತಿದ್ದವು. ಮೇಡಂ ಅವರ 7ನೇ ಪೋರ್ಟ್ ಮಾತ್ರ 100 ಎಂದು ಗೊಣಗುತ್ತಿತ್ತು.

ಇದು ವೈರಸ್ಸಿನ ಲಕ್ಷಣವಲ್ಲ, ತಂತಿಯ ಲಕ್ಷಣ. ಈಥರ್ನೆಟ್ ಕೇಬಲಿನೊಳಗೆ ಎಂಟು ತಂತಿಗಳು, ಎರಡೆರಡು ಹೆಣೆದುಕೊಂಡು ನಾಲ್ಕು ಜೋಡಿ. ಗಿಗಾಬಿಟ್, ಅಂದರೆ ಸೆಕೆಂಡಿಗೆ ಸಾವಿರ ಮೆಗಾಬಿಟ್ ವೇಗಕ್ಕೆ ನಾಲ್ಕೂ ಜೋಡಿ ಬೇಕು. ನೂರು ಮೆಗಾಬಿಟ್ಟಿಗೆ ಕಿತ್ತಳೆ ಮತ್ತು ಹಸಿರು ಜೋಡಿಗಳಷ್ಟೇ ಸಾಕು. ನೀಲಿಯೋ ಕಂದೋ ಕೈಕೊಟ್ಟರೆ ಸ್ವಿಚ್ ರಂಪ ಮಾಡದೆ, ಉಳಿದ ಎರಡು ಜೋಡಿಯಲ್ಲೇ ಸಂಸಾರ ತೂಗಿಸುತ್ತದೆ.

ಎಲ್ಲಿ ಕೈಕೊಟ್ಟಿದೆ ಎಂದು ತಿಳಿಯುವುದಕ್ಕೆ ಸ್ವಿಚ್ಚಿನಲ್ಲೇ ಒಂದು ಪರೀಕ್ಷೆಯಿದೆ, ಟಿಡಿಆರ್ ಎಂದು ಹೆಸರು. ಬಾವಿಗೆ ಬಗ್ಗಿ 'ಓ' ಎಂದು ಕೂಗಿದರೆ ದನಿ ಮರಳಿ ಬರುತ್ತದಲ್ಲ, ಹಾಗೆಯೇ. ಸ್ವಿಚ್ ತಂತಿಯೊಳಕ್ಕೆ ಒಂದು ಮಿಡಿತ ಕಳಿಸುತ್ತದೆ. ತಂತಿ ತುಂಡಾದಲ್ಲಿ ಅಥವಾ ಒಂದಕ್ಕೊಂದು ತಗುಲಿದಲ್ಲಿ ಅದು ಬಡಿದು ಹಿಂತಿರುಗುತ್ತದೆ. ಹೋಗಿಬರಲು ತಗುಲಿದ ಸಮಯದಿಂದ ದೂರದ ಲೆಕ್ಕ. ಆ ಮಿಡಿತ ತಾಮ್ರದಲ್ಲಿ ಬೆಳಕಿನ ವೇಗದ ಸುಮಾರು ಮೂರರಲ್ಲಿ ಎರಡು ಪಾಲು ವೇಗದಲ್ಲಿ ಓಡುತ್ತದೆ. ಇಪ್ಪತ್ತಮೂರು ಮೀಟರ್ ಹೋಗಿಬರಲು, ಒಂದು ಸೆಕೆಂಡನ್ನು ಕೋಟಿ ಚೂರು ಮಾಡಿದರೆ ಅದರಲ್ಲಿ ಎರಡು ಚೂರಿಗಿಂತ ತುಸು ಹೆಚ್ಚು ಸಾಕು. ನಮ್ಮ ಕಚೇರಿಯಲ್ಲಿ ಅಷ್ಟು ಬೇಗ ಹೋಗಿಬರುವುದು ಬೇರೇನೂ ಇಲ್ಲ.

ಪರೀಕ್ಷೆ ನಡೆಯುವಷ್ಟು ಹೊತ್ತು ಆ ಪೋರ್ಟಿನ ಸಂಪರ್ಕ ಕಡಿಯಬಹುದು ಎಂಬುದು ನನಗೆ ಗೊತ್ತಿತ್ತು. 7 ಎನ್ನುವಲ್ಲಿ 17 ಎಂದು ಒತ್ತಿದ್ದು ಮಾತ್ರ ಗೊತ್ತಾಗಲಿಲ್ಲ. ಹದಿನೇಳು ಸಾಹೇಬರ ಪೋರ್ಟ್. ಅವರು ವಿಡಿಯೊ ಸಭೆಯಲ್ಲಿ ವರ್ಷದ ಗುರಿ ವಿವರಿಸುತ್ತಿದ್ದರಂತೆ. ಅವರ ಮುಖ ತೆರೆದ ಬಾಯಿಯ ಸಮೇತ ಅಲ್ಲೇ ನಿಂತಿತು ಎಂದು ಸಭೆಯಲ್ಲಿದ್ದವರು ಆಮೇಲೆ ಹೇಳಿದರು. ಗಾಜಿನ ಬಾಗಿಲಿನಾಚೆಯಿಂದ ಸಾಹೇಬರು ನನ್ನತ್ತ ನೋಡಿದರು. ನಾನು ಚೆಂಡುಹೂವಿನತ್ತ ನೋಡಿದೆ.

ಎರಡನೆಯ ಸಲ ಅಂಕಿಯನ್ನು ಬಾಯಿಬಿಟ್ಟು ಓದಿಯೇ ಎಂಟರ್ ಒತ್ತಿದೆ. ಉತ್ತರ ಬಂತು: ಎ, ಬಿ ಜೋಡಿ (ಕಿತ್ತಳೆ, ಹಸಿರು) ಸರಿ, ಸಿ, ಡಿ (ನೀಲಿ, ಕಂದು) ಶಾರ್ಟ್, ದೂರ 23 ಮೀಟರ್, ನಾಲ್ಕು ಮೀಟರ್ ಹೆಚ್ಚು ಕಡಿಮೆ. ಓದುವಾಗ ಈ 'ಹೆಚ್ಚು ಕಡಿಮೆ' ಕಣ್ಣಿಗೇ ಬೀಳುವುದಿಲ್ಲ. ಏಣಿ ಹತ್ತಿದ ಮೇಲೆ ಅದು ಎಂಟು ಮೀಟರಿನ ಹುಡುಕಾಟವಾಗುತ್ತದೆ.

ಬಡಗಿಯ ಐದು ಮೀಟರಿನ ಟೇಪನ್ನು ಅಟೆಂಡರ್ ಒಂದು ತುದಿ, ನಾನೊಂದು ತುದಿ ಹಿಡಿದು ಜಾರಿಸುತ್ತ ಹೋದೆವು. ಇಪ್ಪತ್ತಮೂರನೆಯ ಮೀಟರ್ ಮಹಿಳೆಯರ ಶೌಚಾಲಯದ ಬಾಗಿಲಿಗೆ ಬಂದು ನಿಂತಿತು. ಇಬ್ಬರೂ ಟೇಪ್ ಮಡಚಿಕೊಂಡು ಹಿಂದೆ ಬಂದೆವು. ಆಗ ನೆನಪಾಯಿತು: ಮಿಕ್ಕ ಕೇಬಲನ್ನು ಸ್ವಿಚ್ಚಿನ ಹಿಂದೆಯೇ ಸುರುಳಿ ಸುತ್ತಿ ಇಟ್ಟಿದ್ದೇವೆ, ಆರು ಮೀಟರಾದರೂ ಇದೆ. ಸ್ವಿಚ್ಚಿಗೆ ಸುರುಳಿಯೂ ದೂರವೇ. ಆರು ಕಳೆದು ಅಳೆದರೆ ಪ್ಲೈವುಡ್ ಪಾರ್ಟಿಷನ್. ಅದರ ಮೇಲೆ ಚಾಮುಂಡೇಶ್ವರಿಯ ಪಟ, ಪಟದ ಮೇಲೆ ಒಣಗಿದ ಮಾವಿನ ತೋರಣ, ತೋರಣಕ್ಕೆ ಆಧಾರವಾಗಿ ಎರಡು ಇಂಚಿನ ಹೊಸ ಮೊಳೆ.

ಹಲಗೆ ಬಿಚ್ಚಿದೆವು. ಮೊಳೆಯ ತುದಿ ಕೇಬಲಿನ ಹೊದಿಕೆಯನ್ನು ಸೀಳಿ, ನೀಲಿ ಮತ್ತು ಕಂದು ಜೋಡಿಗಳ ನಡುವೆ ನೆಟ್ಟಗೆ ಕುಳಿತಿತ್ತು. ಕಿತ್ತಳೆ, ಹಸಿರು ಜೋಡಿಗಳಿಗೆ ಒಂದು ಗೀರೂ ಇಲ್ಲ.

"ಯಾವ ಪುಣ್ಯಾತ್ಮ ಇದನ್ನು ಹೊಡೆದದ್ದು?" ಎಂದು ದನಿ ಏರಿಸಿದೆ.

ಅಟೆಂಡರ್ ಬಹಳ ಹೊತ್ತು ಮೊಳೆಯನ್ನೇ ನೋಡಿದರು. "ಸರ್, ನನಗೆ ಅಷ್ಟು ಎತ್ತರ ಎಟುಕುವುದಿಲ್ಲ. ನಾನು ಸ್ಟೂಲ್ ಹಿಡಿದಿದ್ದೆ. ವೈರ್ ಇದ್ದೀತು ನೋಡಿ ಎಂದೂ ಹೇಳಿದ್ದೆ. ಈ ಕಟ್ಟಡದ ವೈರ್ ಎಲ್ಲೆಲ್ಲಿದೆ ಅಂತ ನನಗೆ ಗೊತ್ತಿಲ್ಲವೇನಯ್ಯಾ ಎಂದಿರಿ."

ಹೊಸ ಕೇಬಲ್ ಎಳೆದಾಯಿತು, 7ನೇ ಪೋರ್ಟ್ 1000 ಎಂದಿತು. ದೂರು ಪುಸ್ತಕದ 'ಕಾರಣ' ಎಂಬ ಅಂಕಣದಲ್ಲಿ 'ಬಾಹ್ಯ ಒತ್ತಡದಿಂದ ಕೇಬಲಿಗೆ ಹಾನಿ' ಎಂದು ಬರೆದೆ. ಮೇಡಂ ಅದನ್ನು ಓದಿ, "ಅಂದರೆ ಇಲಿಯೇ?" ಎಂದು ಕೇಳಿದರು.

"ಸ್ವಲ್ಪ ದೊಡ್ಡದೇ ಇರಬೇಕು ಮೇಡಂ" ಎಂದರು ಅಟೆಂಡರ್.

ಆ ದಿನ ಅವರ ಎರಡು ಉದ್ದಿನವಡೆ, ಕಾಫಿಯ ಲೆಕ್ಕ ನನ್ನ ಹೆಸರಿಗೆ ಬಿತ್ತು.