ಜಾತಿ ಮಾತ್ರ ಬೇಡ ಸಾರ್

ನಮ್ಮ ಆಫೀಸಿನ ಕನ್ನಡ ಬಳಗದ ರಾಜ್ಯೋತ್ಸವ ಸಂಚಿಕೆ ಪ್ರತಿ ವರ್ಷ ತಪ್ಪದೆ ಜನವರಿಯಲ್ಲಿ ಹೊರಬರುತ್ತದೆ. ನವೆಂಬರ್ ತಿಂಗಳಿಡೀ ಬಾವುಟ, ಭಾಷಣ, ಬಿಸಿಬೇಳೆಬಾತು. ಡಿಸೆಂಬರ್‌ನಲ್ಲಿ ಲೇಖನಕ್ಕಾಗಿ ಅಲೆದಾಟ. ಸಂಕ್ರಾಂತಿ ಹೊತ್ತಿಗೆ ಎಳ್ಳುಬೆಲ್ಲದ ಜೊತೆ ಸಂಚಿಕೆಯೂ ಕೈಗೆ ಬರುತ್ತದೆ.

ಈ ಸಲ ಡಿಸೆಂಬರ್‌ನ ಅಲೆದಾಟದಲ್ಲಿ ಸಂಪಾದಕರಿಗೆ ನಾನು ಸಿಕ್ಕಿಬಿದ್ದೆ. ಕಾಫಿ ಮಷಿನ್ ಮುಂದೆ ನಿಂತು, "ನಾವೂ ಒಂದು ಕಾಲದಲ್ಲಿ ಕಂಪ್ಯೂಟರ್ ಗೇಮ್ ಆಡಿದವರೇ" ಅಂತ ಯಾರಿಗೋ ಸುಮ್ನೆ ಜಂಬ ಕೊಚ್ಚುತ್ತಿದ್ದೆ. ಅವರು ಹಿಂದೆಯೇ ನಿಂತಿದ್ದರು.

"ಸಾರ್, ಒಂದು ಗೇಮ್ ವಿಮರ್ಶೆ ಬರೀರಿ. ಬರೀ ಹಂಪಿ, ಜೋಗ ಅಂತ ಹಾಕಿದ್ರೆ ಹುಡುಗರು ಪುಟಾನೇ ತಿರುಗಿಸಲ್ಲ. ಎರಡು ಪುಟ ಸಾಕು, ಸೋಮವಾರದೊಳಗೆ."

ನನಗೀಗ ನಲವತ್ಮೂರು. ಹೊಸ ಆಟಗಳು ನನ್ನ ಕಂಪ್ಯೂಟರನ್ನು ನೋಡಿದರೆ ಒಳಗೆ ಬರಲೂ ಒಪ್ಪುವುದಿಲ್ಲ. ಹಾಗಾಗಿ ಕಾಲೇಜಿನ ದಿನಗಳಲ್ಲಿ ಆಡಿದ ಒಂದು ಆಟವನ್ನೇ ಮತ್ತೆ ಹುಡುಕಿದೆ. 1999ರ 'ಏಲಿಯನ್ಸ್ ವರ್ಸಸ್ ಪ್ರೆಡೇಟರ್'. ಮಾಡಿದ್ದು ಇಂಗ್ಲೆಂಡಿನ ಆಕ್ಸ್‌ಫರ್ಡ್‌ನ ರೆಬೆಲಿಯನ್ ಎಂಬ ಕಂಪನಿ. ಏಲಿಯನ್ ಎಂಬ ಬೇರೆ ಗ್ರಹದ ರಕ್ಕಸ ಪ್ರಾಣಿ 1979ರ ಸಿನಿಮಾದಿಂದ ಬಂದದ್ದು, ಪ್ರೆಡೇಟರ್ ಎಂಬ ಬೇರೆ ಗ್ರಹದ ಬೇಟೆಗಾರ 1987ರ ಇನ್ನೊಂದು ಸಿನಿಮಾದಿಂದ. ಬೇರೆ ಬೇರೆ ಊರಿಂದ ಬಂದು ಒಂದೇ ಮನೆ ಸೇರಿದ ವಾರಗಿತ್ತಿಯರ ಹಾಗೆ. ನಡುವೆ ಸಿಕ್ಕಿಕೊಂಡ ಬಡಪಾಯಿ ಮನುಷ್ಯ, ಮರೀನ್ ಸೈನಿಕ. ಈ ಮೂವರಲ್ಲಿ ಯಾರಾಗಿ ಬೇಕಾದರೂ ಆಡಬಹುದು.

ಉತ್ಸಾಹದಲ್ಲಿ ಮೊದಲ ಪ್ಯಾರಾ ಬರೆದು ಸಂಪಾದಕರಿಗೆ ವಾಟ್ಸ್ಯಾಪ್ ಮಾಡಿದೆ: "ಈ ಆಟವನ್ನು ಮೂರು ಜಾತಿಗಳಲ್ಲಿ ಯಾವುದಾದರೂ ಒಂದಾಗಿ ಆಡಬಹುದು. ಪ್ರತಿ ಜಾತಿಗೂ ತನ್ನದೇ ಕಣ್ಣು, ತನ್ನದೇ ಆಯುಧ. ಒಂದು ಜಾತಿಯವರಿಗೆ ಇನ್ನೊಂದು ಜಾತಿಯವರನ್ನು ಕಂಡರಾಗದು."

ಹತ್ತು ನಿಮಿಷದಲ್ಲಿ ಫೋನು.

"ಸಾರ್, ಚೆನ್ನಾಗಿದೆ. ಆದ್ರೆ ಜಾತಿ ಮಾತ್ರ ಬೇಡ ಸಾರ್. ಎಚ್‌ಆರ್‌ನವರೂ ಓದ್ತಾರೆ."

"ಅಯ್ಯೋ, ಇದು ಬೇರೆ ಗ್ರಹದ ಜಾತಿ ಕಣ್ರೀ."

"ಯಾವ ಗ್ರಹದ್ದಾದರೇನು ಸಾರ್, ಜಾತಿ ಜಾತಿನೇ."

ಪಂಗಡ ಅನ್ನೋಣವೇ ಎಂದೆ. ಅವರು ಉಸಿರು ಬಿಗಿಹಿಡಿದದ್ದು ಫೋನಿನಲ್ಲೇ ಕೇಳಿಸಿತು. ವರ್ಗ? ಅದೂ ಬೇಡವಂತೆ. ಕುಲ? ಅದಂತೂ ಬೇಡವೇ ಬೇಡ. ಸಮುದಾಯ ಅಂದರೆ ಭವನ ನೆನಪಾಗುತ್ತದೆ. ಯೋಚಿಸಿ ನೋಡಿ, ಕನ್ನಡದಲ್ಲಿ ಈ ಅರ್ಥದ ಎಲ್ಲ ಪದವೂ ತಹಶೀಲ್ದಾರ್ ಕಚೇರಿಯ ಅರ್ಜಿಯಲ್ಲಿ ಒಂದೊಂದು ಕಾಲಂ ಆಗಿ ಕೂತುಬಿಟ್ಟಿದೆ. ಕೊನೆಗೆ ಅವರು 'ಪ್ರಭೇದ' ಅಂದರು. ನನಗೆ ಹೈಸ್ಕೂಲು ವಿಜ್ಞಾನ ಪುಸ್ತಕದ ವಾಸನೆ ಬಂತು. ಕಪ್ಪೆಯ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಅಂದ ಹಾಗಾಯಿತು. ಒಪ್ಪಲಿಲ್ಲ.

"ನೋಡಿ, ಮೊದಲನೇ ಜಾತಿಯವನಿಗೆ ಬರೀ ಕಷ್ಟ. ಎರಡನೇ ಜಾತಿಯವನು ಗೋಡೆ ಹತ್ತುತ್ತಾನೆ. ಮೂರನೆಯವನಿಗೆ ಅನುಕೂಲ ಜಾಸ್ತಿ. ಜಾತಿ ಅನ್ನದೆ ಇದನ್ನ ಹೇಗೆ ಬರೆಯೋದು?" ಎಂದು ಜೋರಾಗಿ ವಾದಿಸಿದೆ. ಪದದ ವಿಷಯ ಕೊನೆಯಲ್ಲಿ ನೋಡೋಣ ಸಾರ್, ಅಂತ ಅವರು ಫೋನ್ ಇಟ್ಟರು.

ಹಾಲಿನಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಮ್ಮ ಕೇಳಿದರು, "ಯಾರಿಗೋ ಗಂಡು ನೋಡ್ತಾ ಇದ್ದೀಯೇನೋ? ಗೋಡೆ ಹತ್ತೋನು ಬೇಡ ಕಣೋ. ಆ ಅನುಕೂಲಸ್ಥರನ್ನೇ ನೋಡು."

ಆ ರಾತ್ರಿ ಮರೀನ್ ಆಗಿ ಆಟ ಶುರು ಮಾಡಿದೆ. ಮರೀನ್‌ಗೆ ಬಂದೂಕು ದಂಡಿಯಾಗಿವೆ. ಇಲ್ಲದ್ದು ಬೆಳಕು. ಎಲ್ಲಿ ನೋಡಿದರೂ ಕತ್ತಲು, ಕಾರಿಡಾರು, ಕೊಳವೆ. ಉರಿಯುವ ಕಡ್ಡಿಯಂಥ ಫ್ಲೇರ್ ಎಸೆದರೆ ಸ್ವಲ್ಪ ಹೊತ್ತು ಕಾಣುತ್ತದೆ, ಆಮೇಲೆ ಮತ್ತೆ ಅದೇ ಕತ್ತಲು. ಅವನ ಜೀವಾಳವೆಂದರೆ ಮೋಷನ್ ಟ್ರ್ಯಾಕರ್. ಮುಂದೆ ಏನಾದರೂ ಚಲಿಸಿದರೆ ಪೀಂ ಅನ್ನುತ್ತದೆ. ಹತ್ತಿರ ಬಂದಷ್ಟೂ ಆ ಪೀಂಗೆ ಎದೆ ಹೊಡೆದುಕೊಳ್ಳುತ್ತದೆ. ಆದರೆ ಅದಕ್ಕೆ ಕಾಣುವುದು ಚಲಿಸುವ ವಸ್ತು ಮಾತ್ರ. ಏಲಿಯನ್ ಅಲ್ಲಾಡದೆ ಕೂತರೆ ಟ್ರ್ಯಾಕರ್ ಕೂಡ ಸುಮ್ಮನಿರುತ್ತದೆ. ಸದ್ದಿಗಿಂತ ಸದ್ದಿಲ್ಲದಾಗಲೇ ಹೆದರಿಕೆ ಜಾಸ್ತಿ. ಮನೆಯಲ್ಲಿ ಮಕ್ಕಳು ಸದ್ದು ಮಾಡದೆ ಇದ್ದರೆ ಎದ್ದು ಹೋಗಿ ನೋಡುತ್ತೇವಲ್ಲ, ಹಾಗೆ.

ಎಲ್ಲಿಂದ ಬರುತ್ತದೆ ಎಂದು ಬಾಯಿಪಾಠ ಮಾಡಿಕೊಳ್ಳುವಂತೆಯೂ ಇಲ್ಲ. ಒಂದು ಸಲ ಬಲಗಡೆಯಿಂದ ಬಂದದ್ದು ಮುಂದಿನ ಸಲ ಮೇಲಿನಿಂದ ಬರುತ್ತದೆ. ತೀರಾ ಹತ್ತಿರದಲ್ಲಿ ಕೊಂದರೂ ಕಷ್ಟ, ಅದರ ರಕ್ತವೇ ಆಸಿಡ್. ಸತ್ತಮೇಲೂ ಸುಡುವ ಶತ್ರು.

ಹೆಡ್‌ಫೋನ್ ಹಾಕಿಕೊಂಡು, ಉಸಿರು ಬಿಗಿಹಿಡಿದು, ಉದ್ದನೆಯ ಕಾರಿಡಾರಿನಲ್ಲಿ ಹೋಗುತ್ತಿದ್ದೆ. ಪೀಂ. ನಿಂತೆ. ಪೀಂ... ಪೀಂ. ಪರದೆಯ ಮೇಲೆ ಏನೂ ಇಲ್ಲ. ತಿರುಗಿದೆ. ಹಿಂದೆಯೂ ಇಲ್ಲ. ಪೀಂ ಪೀಂ ಪೀಂ. ಸೂರು ನೋಡಿದೆ. ನೆಲ ನೋಡಿದೆ. ಗಾಬರಿಯಲ್ಲಿ ಖಾಲಿ ಕಾರಿಡಾರಿನ ತುಂಬ ಗುಂಡು ಹಾರಿಸಿದೆ. ಪೀಂಪೀಂಪೀಂಪೀಂ ಅಂತ ಒಂದೇ ಸಮನೆ ಕೂಗಿ ಇಡೀ ಜಗತ್ತು ಕಪ್ಪಾಯಿತು.

ಸತ್ತೆ ಅಂದುಕೊಂಡೆ. ಅಷ್ಟರಲ್ಲಿ ಬೆನ್ನ ಹಿಂದೆ ಹೆಜ್ಜೆ ಸದ್ದು. ಹೆಗಲ ಮೇಲೆ ತಣ್ಣನೆಯ ಕೈ.

ನಾನು ಕಿರುಚಿದ್ದು ಕೆಳಗಿನ ಮನೆಯ ಓನರ್‌ಗೂ ಕೇಳಿಸಿತಂತೆ.

"ರೀ, ಆಗಿಂದ ಕರೆಂಟ್ ಇಲ್ಲ. ಯುಪಿಎಸ್ ಹಾಗೆ ಬಡ್ಕೋತಾ ಇದೆ. ಆಫ್ ಮಾಡಬಾರದಾ?" ಅಂದಳು ಹೆಂಡತಿ, ಮೊಬೈಲ್ ಟಾರ್ಚನ್ನು ನನ್ನ ಮುಖಕ್ಕೇ ಹಿಡಿದು.

ಕರೆಂಟಿಗೂ ಈ ಆಟಕ್ಕೂ ಹಳೆಯ ದ್ವೇಷ. 1999ರಲ್ಲಿ ಬಂದಾಗ ಒಂದು ಹಂತದ ನಡುವೆ ಆಟವನ್ನು ಸೇವ್ ಮಾಡುವಂತೆಯೇ ಇರಲಿಲ್ಲ. ಸತ್ತರೆ ಹಂತದ ಮೊದಲಿನಿಂದ ಆಡಬೇಕು. ಭಯ ಹುಟ್ಟಲಿ ಅಂತ ಹಾಗೆ ಮಾಡಿದ್ದಿರಬೇಕು. ಆದರೆ ಆಕ್ಸ್‌ಫರ್ಡ್‌ನಲ್ಲಿ ಕೂತವರಿಗೆ ಬೆಂಗಳೂರಿನ ಹನುಮಂತನಗರದ ಸಂಜೆ ಏಳು ಗಂಟೆಯ ಕರೆಂಟು ಗೊತ್ತಿತ್ತೇ? ಎಸ್‌.ಪಿ. ರಸ್ತೆಯಲ್ಲಿ ಅಂಗಡಿ ಅಂಗಡಿ ಅಲೆದು ಬಿಡಿಬಿಡಿಯಾಗಿ ಕೊಂಡು ಜೋಡಿಸಿದ ಕಂಪ್ಯೂಟರ್ ನಮ್ಮದು, ಯುಪಿಎಸ್‌ಗೆ ದುಡ್ಡು ಉಳಿದಿರಲಿಲ್ಲ. ಏಲಿಯನ್‌ಗಳಿಂದ ಸತ್ತದ್ದಕ್ಕಿಂತ ಲೋಡ್ ಶೆಡ್ಡಿಂಗ್‌ನಿಂದ ಸತ್ತದ್ದೇ ಹೆಚ್ಚು. ಆಮೇಲೆ ಬಂದ ತಿದ್ದುಪಡಿಯಲ್ಲಿ, ರೇಷನ್ ಸಕ್ಕರೆ ಕೊಟ್ಟ ಹಾಗೆ, ಹಂತಕ್ಕೆ ಇಂತಿಷ್ಟು ಸಲ ಅಂತ ಸೇವ್ ಮಾಡಲು ಬಿಟ್ಟರು.

ಶನಿವಾರ ಏಲಿಯನ್ ಆದೆ. ಇದರಲ್ಲೇ ಈ ಆಟದ ನಿಜವಾದ ಜಾಣತನ ಇರುವುದು. ಮೂರು ವೇಷ ಹಾಕಿಸಿ ಒಂದೇ ಆಟ ಆಡಿಸುವುದಿಲ್ಲ. ನೋಡುವ ಕಣ್ಣನ್ನೇ ಬದಲಿಸಿಬಿಡುತ್ತಾರೆ. ಏಲಿಯನ್‌ಗೆ ಬಂದೂಕಿಲ್ಲ. ಉಗುರು, ಬಾಲ, ಹಲ್ಲು, ಅಷ್ಟೇ. ಲೋಕ ಅದಕ್ಕೆ ಬಾಗಿಲ ಕಿಂಡಿಯ ಗಾಜಿನಲ್ಲಿ ನೋಡಿದ ಹಾಗೆ ಅಗಲವಾಗಿ, ಸೊಟ್ಟಗೆ ಕಾಣುತ್ತದೆ. ಒಂದು ಗುಂಡಿ ಒತ್ತಿ ಹಿಡಿದರೆ ಗೋಡೆ ಹತ್ತಿ ಸೂರಿನಲ್ಲಿ ಓಡಬಹುದು. ಆಗ ಸೂರು ನೆಲವಾಗುತ್ತದೆ, ನೆಲ ಸೂರಾಗುತ್ತದೆ, ತಿಂದ ಚಪಾತಿ ಗಂಟಲಿಗೆ ಬರುತ್ತದೆ. ಅರ್ಧ ಗಂಟೆ ಆಡಿ ಎದ್ದವನು ಬಾಗಿಲೆಂದು ನೇರವಾಗಿ ಬೀರುವಿಗೆ ಹಣೆ ಚಚ್ಚಿಕೊಂಡೆ.

ಅಮ್ಮ ಬಂದು ಒಂದು ನಿಮಿಷ ಪರದೆ ನೋಡಿದರು. "ಇದೇನು ಹಲ್ಲಿ ಆಟವಾ?"

ಸರಿಯಾಗಿಯೇ ಹೇಳಿದರು. ಹಲ್ಲಿ ಯಾವ ಅಂಗದ ಮೇಲೆ ಬಿದ್ದರೆ ಏನು ಫಲ ಅಂತ ನಮ್ಮ ಪಂಚಾಂಗದಲ್ಲಿ ಕೋಷ್ಟಕವೇ ಇದೆ. ಈ ಹಲ್ಲಿ ಎಲ್ಲಿ ಬಿದ್ದರೂ ಒಂದೇ ಫಲ. ಅದಕ್ಕೆ ಗಾಯವಾದರೆ ಔಷಧಿ ಡಬ್ಬಿಯೂ ಬೇಕಿಲ್ಲ. ಎದುರಿನವರ ತಲೆ ಕಚ್ಚಿ ತಿಂದರೆ ಗಾಯ ಮಾಯ.

"ತಲೆ ತಿನ್ನುತ್ತಾ?" ಅಂದರು ಅಮ್ಮ. "ಅದನ್ನ ನೋಡೋಕೆ ಕಂಪ್ಯೂಟರ್ ಯಾಕೆ ಬೇಕಿತ್ತು?" ಎಂದು ನನ್ನ ಮಗನ ಕಡೆ ತಿರುಗಿದರು. ಹೋಗುವಾಗ ನೆನೆಸಿದ ಅವರೆಕಾಳಿನ ಬೇಸನ್ನನ್ನು ನನ್ನ ಪಕ್ಕಕ್ಕೆ ಇಟ್ಟರು. "ಸುಮ್ನೆ ಕೂತಿರೋ ಬದಲು ಇದನ್ನ ಹಿತುಕು."

ನನಗೆ ಆಗ ನೆನಪಾದದ್ದು ಇದರ ಎರಡನೇ ಭಾಗ. 2001ರಲ್ಲಿ ಬಂದದ್ದು, ಅದನ್ನು ಮಾಡಿದ್ದು ಅಮೆರಿಕದ ಮೊನೊಲಿತ್. ಅದರಲ್ಲಿ ಏಲಿಯನ್ ಆಗಿ ಆಡುವವನು ಸೀದಾ ದೊಡ್ಡ ಪ್ರಾಣಿಯಾಗಿ ಶುರು ಮಾಡುವುದಿಲ್ಲ. ಮೊದಲು ಜೇಡದಂಥ ಪುಟ್ಟ ಹುಳು. ಕೊಳವೆಗಳಲ್ಲಿ ತೆವಳಿ ಹೋಗಿ, ಒಬ್ಬಂಟಿಯಾಗಿ ಸಿಕ್ಕವನ ಮುಖಕ್ಕೆ ಅಂಟಿಕೊಳ್ಳಬೇಕು. ಆಮೇಲೆ ಅವನ ಎದೆಯೊಳಗಿಂದ ಮರಿಯಾಗಿ ಹೊರಗೆ ಚಿಮ್ಮಬೇಕು. ಇದನ್ನು ಓದುಗರಿಗೆ ಹೇಗೆ ವಿವರಿಸುವುದು ಎಂದು ಯೋಚಿಸುತ್ತಾ ಒಂದು ಕಾಳು ಹಿತುಕಿದೆ. ಸಿಪ್ಪೆ ಕೈಯಲ್ಲೇ ಉಳಿಯಿತು, ಬೇಳೆ ಪುಳಕ್ಕನೆ ಹಾರಿ ಮಾನಿಟರ್‌ಗೆ ಬಡಿಯಿತು. ಇದಕ್ಕಿಂತ ಒಳ್ಳೆಯ ಉಪಮೆ ಬೆಂಗಳೂರಿನ ಅವರೆಬೇಳೆ ಮೇಳದಲ್ಲೂ ಸಿಗಲಾರದು.

ಖುಷಿಯಲ್ಲಿ ಒಂದು ಕೈಯಲ್ಲಿ ಆಟ, ಇನ್ನೊಂದು ಕೈಯಲ್ಲಿ ಬೇಳೆ ಅಂತ ನಡೆಸಿದೆ. ಜಾರುವ ಕೈಯಲ್ಲಿ ಗೋಡೆ ಹತ್ತಲು ಆಗುವುದಿಲ್ಲ ಎಂಬುದು ಮೊದಲ ಪಾಠ. ಕೀಬೋರ್ಡಿನ ಸಂದಿಗೆ ಹೋದ ಬೇಳೆಯನ್ನು ಹೇರ್‌ಪಿನ್‌ನಿಂದಲೂ ತೆಗೆಯಲಾಗದು ಎಂಬುದು ಎರಡನೆಯದು. ಈಗಲೂ ನನ್ನ ಕೀಬೋರ್ಡಿನಲ್ಲಿ ಮುಂದೆ ಹೋಗುವ ಗುಂಡಿ ಒತ್ತಿದರೆ ಮೆತ್ತಗಾಗುತ್ತದೆ. ಬಿಸಿಲಿಗಿಟ್ಟ ದಿನದಿಂದ ಸ್ವಲ್ಪ ಸೊಗಡು ಕೂಡ.

ಆದರೂ ಆ ರಾತ್ರಿ ವಿಮರ್ಶೆಗೆ ಒಂದು ಸಾಲು ಹೊಳೆಯಿತು: "ಗೋಡೆ, ಸೂರು, ಕೊಳವೆ ಎಲ್ಲವೂ ತನ್ನದೇ, ಈ ಆಟದಲ್ಲಿ ಈ ಜಾತಿಗೆ ಸಿಗುವುದು ರಾಜಾತಿಥ್ಯ." ಎರಡು ಸಲ ಗಟ್ಟಿಯಾಗಿ ಓದಿಕೊಂಡೆ. ಇಡೀ ಲೇಖನದಲ್ಲಿ ನನಗೆ ಮೆಚ್ಚುಗೆಯಾದ ಸಾಲು ಅದೊಂದೇ.

ಪ್ರೆಡೇಟರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಮ್ಮ ಹೇಳಿದ ಆ ಅನುಕೂಲಸ್ಥ ಇವನೇ. ಬೇಕೆಂದಾಗ ಮಾಯವಾಗುತ್ತಾನೆ, ಮನುಷ್ಯರ ಕಣ್ಣಿಗೆ ಕಾಣುವುದಿಲ್ಲ. ಏಲಿಯನ್‌ಗಳು ಮಾತ್ರ ಈ ಮಾಯೆಗೆ ಬಗ್ಗುವುದಿಲ್ಲ. ಹೆಗಲ ಮೇಲಿನ ಫಿರಂಗಿ ತಾನೇ ಗುರಿ ಹಿಡಿಯುತ್ತದೆ. ಎಲ್ಲ ಇದ್ದವನ ಆಟದಲ್ಲಿ ಸ್ವಾರಸ್ಯ ಕಡಿಮೆ. ನನಗಂತೂ ಆಕಳಿಕೆ ಬಂತು. ಹಿಡಿಸಿದ್ದು ಒಂದೇ, ಅವನ ಶಾಖ ನೋಡುವ ಕಣ್ಣು. ಬೆಚ್ಚಗಿರುವುದೆಲ್ಲ ಅದಕ್ಕೆ ಕತ್ತಲಲ್ಲೂ ಹೊಳೆಯುತ್ತದೆ.

ಆ ಕಣ್ಣು ನಮ್ಮ ಅಪ್ಪನಿಗೂ ಇತ್ತು, ಅಂಗೈಯಲ್ಲಿ. ಸಂಜೆ ಆಫೀಸಿನಿಂದ ಬಂದವರು ಚಪ್ಪಲಿ ಬಿಡುವ ಮೊದಲೇ ಮಾನಿಟರ್‌ನ ಬೆನ್ನು ಮುಟ್ಟಿ ನೋಡುತ್ತಿದ್ದರು. ಆ ಕಾಲದ ಡಬ್ಬಾ ಮಾನಿಟರ್, ಆಫ್ ಮಾಡಿ ಎಷ್ಟು ಹೊತ್ತಾದರೂ ಬಿಸಿ ಆರುತ್ತಿರಲಿಲ್ಲ. ನಾನು ಪುಸ್ತಕ ಹಿಡಿದು ಎಷ್ಟೇ ಮಾಯವಾಗಲು ನೋಡಿದರೂ, "ಎಷ್ಟೊತ್ತು ಆಡಿದೆ?" ಅಂತ ಕೇಳುತ್ತಿರಲಿಲ್ಲ. "ಎರಡು ಗಂಟೆ" ಅಂತ ಅವರೇ ಹೇಳುತ್ತಿದ್ದರು. ಒಮ್ಮೆ ಒದ್ದೆ ಬಟ್ಟೆ ಹೊದಿಸಿ ತಣ್ಣಗೆ ಮಾಡಲು ಹೋದೆ. ಒಳಗಿನಿಂದ ಚಟ್ ಅಂದಿತು. ಅದರ ರಿಪೇರಿ ಖರ್ಚಿನ ಮಾತು ನನ್ನ ಮದುವೆ ಮಾತುಕತೆಯಲ್ಲೂ ಬಂತು.

ಭಾನುವಾರ ಮಗನನ್ನು ಕೂರಿಸಿ ಆಡಿಸಿದೆ. ಹೊಸ ತಲೆಮಾರಿನ ಅಭಿಪ್ರಾಯವೂ ಇರಲಿ ಅಂತ. ಐದು ನಿಮಿಷ ನೋಡಿದ. "ಅಪ್ಪಾ, ಇವರ ಮುಖ ಎಲ್ಲ ಯಾಕೆ ಪೆಟ್ಟಿಗೆ ತರಹ ಇದೆ?" ಅಂದ. ಆಗ ಅದೇ ನಮಗೆ ಅದ್ಭುತ ಕಣೋ, ಅಂದೆ. ಮುಂದಿನ ಬಾಗಿಲು ತೆರೆದ. ಟ್ರ್ಯಾಕರ್ ಪೀಂ ಅಂದಿತು. ಅವನು ಏನೂ ಹೇಳದೆ ಎದ್ದು ಹೋಗಿ ರೂಮಿನ ಲೈಟ್ ಹಾಕಿ ಬಂದ. ವಿಮರ್ಶೆಯ ಕೊನೆಗೆ ಐದಕ್ಕೆ ನಾಲ್ಕು ಅಂಕ ಕೊಟ್ಟೆ. ಒಂದು ಕಳೆದದ್ದು ಪ್ರೆಡೇಟರ್‌ಗೆ. ಸೋಮವಾರ ಬೆಳಿಗ್ಗೆ ಕಳಿಸಿ, ಪದದ ವಿಷಯ ಸಂಪಾದಕರು ಮರೆತಿರಲಿ ಎಂದು ಹಾರೈಸಿದೆ.

ಅವರು ಮರೆತಿರಲಿಲ್ಲ. ಸಂಕ್ರಾಂತಿಯ ಮರುದಿನ ಸಂಚಿಕೆ ಬಂತು. ನನ್ನ ಲೇಖನ ತೆರೆದೆ. "ಈ ಆಟವನ್ನು ಮೂರು ಪ್ರಭೇದಗಳಲ್ಲಿ ಯಾವುದಾದರೂ ಒಂದಾಗಿ ಆಡಬಹುದು." ಹೋಗಲಿ ಬಿಡು ಅಂದುಕೊಂಡೆ. "ಪ್ರತಿ ಪ್ರಭೇದಗೂ ತನ್ನದೇ ಕಣ್ಣು." ಎಲ್ಲೋ ಎಡವಟ್ಟಾಗಿದೆ ಅನ್ನಿಸಿತು. "ಒಂದು ಪ್ರಭೇದಯವರಿಗೆ ಇನ್ನೊಂದು ಪ್ರಭೇದಯವರನ್ನು..." ಆಗ ಗೊತ್ತಾಯಿತು. ಪುಣ್ಯಾತ್ಮರು ಒಂದೊಂದಾಗಿ ಓದಿ ತಿದ್ದಿಲ್ಲ. ಇಡೀ ಲೇಖನದಲ್ಲಿ ಜಾತಿ ಎಲ್ಲೆಲ್ಲಿದೆಯೋ ಹುಡುಕಿ ಬದಲಿಸು ಅಂತ ಕಂಪ್ಯೂಟರ್‌ಗೇ ಹೇಳಿದ್ದಾರೆ. ಅದು ವಿಧೇಯವಾಗಿ ಒಂದನ್ನೂ ಬಿಟ್ಟಿಲ್ಲ. ಎದೆ ಡವಗುಟ್ಟುತ್ತಾ ಪುಟ ತಿರುಗಿಸಿದೆ.

"ಈ ಆಟದಲ್ಲಿ ಈ ಪ್ರಭೇದಗೆ ಸಿಗುವುದು ರಾಪ್ರಭೇದಥ್ಯ."

ಮನೆಯಲ್ಲಿ ಅಮ್ಮ ಕನ್ನಡಕ ಹಾಕಿಕೊಂಡು ಓದಲು ಹೋಗಿ, ಆ ಪದದ ಹತ್ತಿರ ಮೂರು ಸಲ ಪ್ರಯತ್ನಪಟ್ಟು, ಹಲ್ಲು ಸೆಟ್ ಸರಿಮಾಡಿಕೊಂಡು, ಸಂಚಿಕೆ ಕೆಳಗಿಟ್ಟರು.

ಮರುದಿನ ಲಿಫ್ಟಿನಲ್ಲಿ ಟೆಸ್ಟಿಂಗ್ ವಿಭಾಗದ ಹುಡುಗನೊಬ್ಬ ಸಿಕ್ಕಿದ. "ಸಾರ್, ನಿಮ್ಮ ಲೇಖನ ಓದಿದೆ. ರಾಪ್ರಭೇದಥ್ಯ! ಎಂಥಾ ಪದ ಸಾರ್. ಹಳಗನ್ನಡನಾ?"

"ಹೂಂ, ಸ್ವಲ್ಪ ಹಳೇದೇ."

"ಭಾರೀ ಸತ್ಕಾರ ಅಂತ ಅರ್ಥ ಅಲ್ವಾ? ವಾಕ್ಯ ನೋಡಿದ್ರೇ ಗೊತ್ತಾಗತ್ತೆ." ಸ್ವಲ್ಪ ತಡೆದು, "ಮುಂದಿನ ತಿಂಗಳು ನಮ್ಮಣ್ಣನ ಮದುವೆ ಸಾರ್. ಕಾರ್ಡಿನಲ್ಲಿ ಹಾಕಿಸಬಹುದಾ?" ಎಂದ.

ನಾಲ್ಕನೇ ಮಹಡಿ ಬಂತು. ಬಾಗಿಲು ತೆರೆಯಿತು.

"ಹಾಕ್ಸಪ್ಪ, ಪರವಾಗಿಲ್ಲ" ಅಂದು ಇಳಿದೆ.